ಆವನಿಯ ಸೀತೆ

ಸ್ಥಳಪುರಾಣವೆಂದೊಡನೆ ನಮ್ಮ ವಿದ್ಯಾವಂತರ ಮುಖದಲ್ಲಿ ತೆಳುನಗೆಯೊಂದು ಮೂಡುತ್ತದೆ. ಊರೂರಿಗೂ ಪಾಂಡವರು ಬಂದಿದ್ದರು, ಬಂಡೆಬಂಡೆಯ ಮೇಲೂ ಸೀತೆ ಸೀರೆ ಒಣಗಿಸಿದ್ದಳು ಎಂದರೆ ನಗೆ ಬರುವುದು ಸಹಜವೇ. ಆದರೆ ಇವನ್ನು ಚರಿತ್ರೆಯೆಂದು ಓದಿ ಸುಳ್ಳೆನ್ನುವವರೂ, ಚರಿತ್ರೆಯೆಂದೇ ನಂಬಿ ಜಗಳಕ್ಕೆ ನಿಲ್ಲುವವರೂ ಮಾಡುವ ತಪ್ಪು ಒಂದೇ. ಇಬ್ಬರೂ ಅವನ್ನು ಕಾವ್ಯವೆಂದು ಓದುವುದಿಲ್ಲ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿಯನ್ನೇ ನೋಡೋಣ. ಅಲ್ಲಿನ ಬೆಟ್ಟವೇ ವಾಲ್ಮೀಕಿಯ ಆಶ್ರಮವೆಂದೂ, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂದೂ ಜನ ಹೇಳುತ್ತಾರೆ. ಅಶ್ವಮೇಧದ ಕುದುರೆಯನ್ನು ಕಟ್ಟಿದ ಜಾಗವನ್ನೂ ತೋರಿಸುತ್ತಾರೆ. ಮಕ್ಕಳೊಡನೆ ಕಾದಿದ ದೋಷ ಕಳೆಯಲೆಂದು ರಾಮನೂ ತಮ್ಮಂದಿರೂ ಲಿಂಗಗಳನ್ನು ಪ್ರತಿಷ್ಠಿಸಿದರಂತೆ. ಊರಿನ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಅವೇ ಅಂತೆ.

ಶಾಸನ ಹೇಳುವುದು ಬೇರೆ. ಈ ಗುಡಿಗಳು ನೊಳಂಬರ ಕಾಲದವು. ತ್ರಿಭುವನಕರ್ತಾರನೆಂಬ ಶೈವ ಯತಿ 40 ವರ್ಷ ಆವನಿಯನ್ನು ಆಳಿ, 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, 961ರಲ್ಲಿ ಶಿವಸಾಯುಜ್ಯ ಹೊಂದಿದನಂತೆ. ಅವನ ಹೆಸರು ಕಲ್ಲಿನಲ್ಲಿ ಉಳಿಯಿತು. ಜನರ ನಾಲಗೆಯ ಮೇಲೆ ಉಳಿದವಳು ಸೀತೆ.

ಏಕೆ? ವಾಲ್ಮೀಕಿಯ ಉತ್ತರಕಾಂಡದಲ್ಲಿ ಲವಕುಶರು ತಂದೆಯೆದುರು ಹಾಡುತ್ತಾರೆ, ಕಾದುವುದಿಲ್ಲ. ಕಾಳಗ ಬರುವುದು ಲಕ್ಷ್ಮೀಶ ಕನ್ನಡಕ್ಕೆ ತಂದ ಜೈಮಿನಿ ಭಾರತದಲ್ಲಿ. ಅಲ್ಲಿ ಕಥೆ ಸಮಾಗಮದಲ್ಲಿ ಮುಗಿಯುತ್ತದೆ. ಆವನಿಯ ಕಥೆಗಾರನಿಗೆ ಅಷ್ಟು ಸಾಲದು. ದೊರೆಯಾದವನೂ ತಪ್ಪಿಗೆ ತಲೆಬಾಗಬೇಕು ಎಂಬ ನ್ಯಾಯವನ್ನು ಅವನು ಸೇರಿಸಿದ್ದಾನೆ. ಇದು ಕವಿಯ ಕೆಲಸವಲ್ಲವೆ?

ಕೊರತೆಯೂ ಇದೆ. ಪ್ರಾಯಶ್ಚಿತ್ತ ನಡೆದದ್ದು ಮಕ್ಕಳೊಡನೆ ಮಾಡಿದ ಯುದ್ಧಕ್ಕೆ, ತುಂಬು ಬಸುರಿಯನ್ನು ಕಾಡಿಗಟ್ಟಿದ್ದಕ್ಕಲ್ಲ. ಕಥೆ ಆಡಬೇಕಾದ ಮಾತಿನ ಹತ್ತಿರ ಬಂದು ನಾಲಗೆ ಕಚ್ಚಿಕೊಳ್ಳುತ್ತದೆ. ಆದರೆ ಕಥೆ ಆಡದ್ದನ್ನು ಸ್ಥಳ ಆಡುತ್ತದೆ. ಅಣ್ಣತಮ್ಮಂದಿರ ಗುಡಿಗಳೆಲ್ಲ ಕೆಳಗೆ. ಸೀತೆಯ ಗುಡಿ ಮೇಲೆ, ಬೆಟ್ಟದಲ್ಲಿ, ಪಾರ್ವತಿಯ ಜೊತೆಯಲ್ಲಿ. ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಹತ್ತಿಹೋಗುವುದು ಅವಳ ಬಳಿಗೆ. ಗಂಡನ ಆಸರೆಯಿಲ್ಲದೆ ಹೆತ್ತವಳಿಗೆ ತಮ್ಮ ಸಂಕಟ ತಿಳಿದೀತೆಂಬ ನಂಬಿಕೆಯ ಹಿಂದಿರುವ ವಿಮರ್ಶೆ ನಮ್ಮ ಎಷ್ಟೋ ಗ್ರಂಥಗಳಲ್ಲಿಲ್ಲ.

ದೇವಸ್ಥಾನಗಳ ಮುಂದೆ ಮಾರುವ ಕ್ಷೇತ್ರಮಹಾತ್ಮೆಗಳು ಇಂಥ ಕಥೆಗಳ ಮೊನೆಯನ್ನು ಉಜ್ಜಿ ನುಣುಪು ಮಾಡಿಬಿಡುತ್ತವೆ. ಹಳ್ಳಿಯ ಮುದುಕಿಯರು ಹೇಳುವಂತೆಯೇ ಅವನ್ನು ಬರೆದಿಟ್ಟುಕೊಳ್ಳುವುದು ಕನ್ನಡ ಓದಿದವರ ಹೊಣೆ. ನಕ್ಕು ಸುಮ್ಮನಾದರೆ ನಷ್ಟ ನಮ್ಮದೇ.