ಡೀಮನ್ ಎಂದರೆ ದೆವ್ವವೇ?

'ಫ್ರೀಬಿಎಸ್‌ಡಿ' ಯಾರು ಬೇಕಾದರೂ ಬಳಸಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್. ಅದರ ಮ್ಯಾಸ್ಕಾಟ್ 'ಬೀಸ್ಟಿ' ಎಂಬ ಡೀಮನ್: ಕೆಂಪು ಮೈ, ಎರಡು ಕೊಂಬು, ಬಾಲ, ಕೈಯಲ್ಲಿ ಕವಲುಗೋಲು, ಕಾಲಿಗೆ ಬೂಟು. ಇದು ಸೈತಾನನ ಚಿತ್ರವೆಂದು ಆಕ್ಷೇಪಿಸಿದವರಿದ್ದಾರೆ. ಪದದ ಮೂಲವೇ ಬೇರೆ ಎಂದು ಸಮರ್ಥಿಸಿದವರೂ ಇದ್ದಾರೆ. ಎರಡೂ ವಾದಗಳು ಅರ್ಧ ಮಾತ್ರ ಸರಿ.

ಕಂಪ್ಯೂಟರಿನ ಡೀಮನ್ ಎಂದರೆ, ಬಳಕೆದಾರನ ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ನಡೆಯುತ್ತಿರುವ ಪ್ರೋಗ್ರಾಮ್. ಮುದ್ರಣದ ಸರದಿ ಕಾಯುವುದು, ಇ-ಮೇಲ್ ತಲುಪಿಸುವುದು ಇಂಥವುಗಳ ಕೆಲಸ. 1963ರಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡ ಈ ಹೆಸರನ್ನು ಭೌತಶಾಸ್ತ್ರದಿಂದ ಪಡೆಯಿತು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ಒರೆಗೆ ಹಚ್ಚಲು ಮ್ಯಾಕ್ಸ್‌ವೆಲ್ 1867ರಲ್ಲಿ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿದ್ದರು. ವೇಗದ ಅಣುಗಳನ್ನು ನಿಧಾನದವುಗಳಿಂದ ಬೇರ್ಪಡಿಸುವುದು ಅದರ ಕೆಲಸ. 1874ರಲ್ಲಿ ವಿಲಿಯಂ ಥಾಮ್ಸನ್ ಅದನ್ನು 'ಡೀಮನ್' ಎಂದರು. ಗ್ರೀಕರ 'ದೈಮೋನ್' ದೇವರಿಗೂ ಮನುಷ್ಯರಿಗೂ ನಡುವಿನ ಶಕ್ತಿ. ಅದು ಕೆಟ್ಟದ್ದೇ ಆಗಿರಬೇಕೆಂದಿರಲಿಲ್ಲ. ಅದನ್ನು ಸೈತಾನನ ಪರಿವಾರಕ್ಕೆ ಸೇರಿಸಿದ್ದು ಕ್ರೈಸ್ತ ಬರವಣಿಗೆ.

ಇಂಥ ಅರ್ಥಪಲ್ಲಟ ನಮಗೆ ಹೊಸದಲ್ಲ. ಶಿರೋಳ, ನರಗುಂದದ ಕಡೆ ಮಕ್ಕಳು ಹೆದರುವ 'ದೆವ್ವ', 'ದೈವ'ದ ತದ್ಭವ. ಕರಾವಳಿಯಲ್ಲಿ ಅದೇ ದೈವಕ್ಕೆ, ಭೂತಕ್ಕೆ, ಕೋಲ ನಡೆಯುತ್ತದೆ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದಾಗ, ಅವುಗಳ ಇಂಗ್ಲಿಷ್ ಶೀರ್ಷಿಕೆಯ ಅರ್ಥ 'ತುಳುವರ ಪಿಶಾಚಪೂಜೆ' ಎಂದಿತ್ತು! ಆರಾಧಿಸುವವರ ಅರ್ಥಕ್ಕೆ ಅಲ್ಲಿ ಜಾಗವಿರಲಿಲ್ಲ. ಸಂಸ್ಕೃತದಲ್ಲಾದರೋ 'ಭೂತ' ಎಂದರೆ 'ಆದದ್ದು'. ಪಂಚಭೂತ, ಭೂತಕಾಲಗಳ ಜತೆಗೆ ನಾವು ಕಲಿಸುವ ಭೌತಶಾಸ್ತ್ರವೂ ಅದೇ ಪದದಿಂದ ಬಂದದ್ದು.

ಆದರೆ ಪದಕ್ಕೆ ಸಲ್ಲುವ ಸಮರ್ಥನೆ ಚಿತ್ರಕ್ಕೆ ಸಲ್ಲದು. ಬೀಸ್ಟಿಯ ಕೊಂಬು, ಬಾಲಗಳು ಯುರೋಪಿನ ಸೈತಾನನ ಚಿತ್ರಗಳಿಂದಲೇ ಬಂದವು. ಕವಲುಗೋಲು ಕೂಡ ಒಂದು ಶ್ಲೇಷೆ: ಚಾಲ್ತಿಯಲ್ಲಿರುವ ಒಂದು ಪ್ರೋಗ್ರಾಮ್ ಎರಡಾಗಿ ಕವಲೊಡೆಯುವುದನ್ನು ಯುನಿಕ್ಸ್‌ನಲ್ಲಿ 'ಫೋರ್ಕ್' ಎನ್ನುತ್ತಾರೆ. ಶ್ಲೇಷೆ ತಿಳಿಯದವನಿಗೆ ಕಾಣುವುದು ಸೈತಾನನೇ. ಅವನನ್ನು ಮೂಢನೆಂದು ನಗುವುದು ಉತ್ತರವಾಗದು. 2005ರಲ್ಲಿ ಫ್ರೀಬಿಎಸ್‌ಡಿ ಸ್ಪರ್ಧೆ ನಡೆಸಿ ಪ್ರತ್ಯೇಕ ಲಾಂಛನ ಆರಿಸಿತು, ಬೀಸ್ಟಿಯನ್ನು ಮ್ಯಾಸ್ಕಾಟಾಗಿ ಉಳಿಸಿಕೊಂಡಿತು. ಹೊಸ ಲಾಂಛನದ ಕೆಂಪು ಗೋಳಕ್ಕೂ ಎರಡು ಕೊಂಬುಗಳಿವೆ!

ವಿದ್ಯಾರ್ಥಿ ಪ್ರಶ್ನೆ ಕೇಳಿದಾಗ ಶಿಕ್ಷಕರು ಪದದ ಮೂಲ ಹೇಳಿ ಸುಮ್ಮನಾಗಬಾರದು. ಪಾರಿಭಾಷಿಕ ಪದದ ಅರ್ಥ ಅದರ ಮೂಲದಲ್ಲಿಲ್ಲ, ವ್ಯಾಖ್ಯೆಯಲ್ಲಿದೆ. ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೆರೆದು ತೋರಿಸಲಿ. ಹೆಸರಿನ ಕೊನೆಗೆ 'ಡಿ' ಅಕ್ಷರವಿರುವ ಹಲವು ಡೀಮನ್‌ಗಳು ಅಲ್ಲೇ ಇರುತ್ತವೆ. ಒಂದೊಂದೂ ಏನು ಮಾಡುತ್ತದೆಂದು ವಿದ್ಯಾರ್ಥಿಗಳೇ ಹುಡುಕಲಿ.