ಮೂವರು ಖಾರಿಟೆಯರು

ದೇವತೆಗಳನ್ನು ಗುಡಿಯಿಂದ ಹೊರಡಿಸಿ ಮನಸ್ಸಿನೊಳಗೆ ಪ್ರತಿಷ್ಠಾಪಿಸುವುದು ಇತ್ತೀಚಿನ ವಿಮರ್ಶೆಗೆ ಪ್ರಿಯವಾದ ಕೆಲಸ. ಯೂಂಗನ ಮಾರ್ಗದಲ್ಲಿ ನಡೆದ ಅಮೆರಿಕದ ಮನೋವೈದ್ಯೆ ಜೀನ್ ಶಿನೋಡಾ ಬೋಲೆನ್ 1984ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಗ್ರೀಕರ ಏಳು ಮಂದಿ ದೇವಿಯರನ್ನು ಸ್ತ್ರೀಸ್ವಭಾವದ ಏಳು ಮೂಲಮಾದರಿಗಳೆಂದು ವಿವರಿಸಿದರು. ಒಬ್ಬಾಕೆಯಲ್ಲಿ ಅಥೀನಾಳ ಮೇಲುಗೈ, ಇನ್ನೊಬ್ಬಾಕೆಯಲ್ಲಿ ಹೇರಾಳದು. ತಮ್ಮನ್ನು ತಾವು ಅರಿಯಲು ಅದು ಎಷ್ಟೋ ಮಂದಿಗೆ ನೆರವಾಗಿಯೂ ಇರಬಹುದು. ಆದರೆ ಸೊಗಸು, ಚೆಲುವು, ಔದಾರ್ಯ ಇವುಗಳಿಗೆಂದೇ ಗ್ರೀಕರು ಪೂಜಿಸುತ್ತಿದ್ದ ಮೂವರು ಸೋದರಿಯರು ಆ ಏಳರ ಪಂಕ್ತಿಯಲ್ಲಿಲ್ಲ. ಇದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ. ಒಬ್ಬ ವ್ಯಕ್ತಿಯ ಅಳತೆಗೆ ಅವರು ಒಗ್ಗುವವರಲ್ಲ.

ಇವರೇ ಖಾರಿಟೆಯರು. ಹೆಸಿಯಡ್ ಕವಿಯ ಪ್ರಕಾರ ಜ್ಯೂಸ್ ಮತ್ತು ಯೂರಿನೊಮೆಯರ ಮಕ್ಕಳು: ಅಗ್ಲಾಯಾ, ಯೂಫ್ರೊಸಿನೆ, ಥಾಲಿಯಾ. ಕಾಂತಿ, ಉಲ್ಲಾಸ, ಸಮೃದ್ಧಿ ಎಂದು ಸ್ಥೂಲವಾಗಿ ಕನ್ನಡಿಸಬಹುದು. ಅವರ ಹೆಸರಿನ ಮೂಲವಾದ 'ಖಾರಿಸ್' ಎಂಬ ಮಾತು ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಕ್ಕದು. ಲಾವಣ್ಯವೂ ಖಾರಿಸ್, ಮಾಡಿದ ಉಪಕಾರವೂ ಖಾರಿಸ್, ಅದಕ್ಕೆ ಸಲ್ಲಿಸುವ ಕೃತಜ್ಞತೆಯೂ ಖಾರಿಸ್! ನಮ್ಮ 'ಪ್ರಸಾದ' ಇದರ ಹತ್ತಿರ ಬರುತ್ತದೆ: ಮುಖದ ತಿಳಿ, ಕಾವ್ಯದ ಗುಣ, ದೊಡ್ಡವರ ಅನುಗ್ರಹ, ಅರ್ಚಕರು ಕೈಗೆ ಹಾಕುವ ಹೂವು, ಎಲ್ಲಕ್ಕೂ ಅದೊಂದೇ ಮಾತು. ಆದರೆ ಪಡೆದವನು ಮರಳಿಸಬೇಕಾದ ಪಾಲು ಪ್ರಸಾದದಲ್ಲಿಲ್ಲ, ಖಾರಿಸ್‌ನಲ್ಲಿದೆ. ಖಾರಿಟೆಯರ ಗುಡಿಯನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಕಟ್ಟುವುದು ಪ್ರತ್ಯುಪಕಾರದ ನೆನಪಿಗಾಗಿ ಎನ್ನುವ ಅರಿಸ್ಟಾಟಲ್, ಉಪಕಾರ ಪಡೆದವನು ಮುಂದಿನ ಸಲ ತಾನೇ ಮೊದಲಾಗಬೇಕು ಎಂದೂ ಸೇರಿಸುತ್ತಾನೆ. ರೋಮಿನ ಸೆನೆಕ, ಒಬ್ಬಳು ಕೊಡುವವಳು, ಒಬ್ಬಳು ಪಡೆಯುವವಳು, ಒಬ್ಬಳು ಮರಳಿಸುವವಳು ಎಂಬ ವ್ಯಾಖ್ಯಾನವನ್ನೆತ್ತಿಕೊಂಡು, ಕೈ ಕೈ ಹಿಡಿದ ಆ ವರ್ತುಲ ಎಲ್ಲಿ ಕಡಿದರೂ ಅಂದ ಕೆಡುತ್ತದೆಂದು ಬಿಡಿಸಿ ಹೇಳಿ, ಕೊನೆಗೆ ಇಂಥದೆಲ್ಲ ಕವಿಗಳಿಗಿರಲಿ ಎಂದು ಗದರುತ್ತಾನೆ. ಗದರಿದರೇನು, ಹೇಳುವಷ್ಟನ್ನೂ ಹೇಳಿಯೇ ಗದರಿದ್ದಾನೆ!

ಬೋಲೆನ್ ಅವರ ಗ್ರಂಥದಲ್ಲಿ ಚೆಲುವು ಆಫ್ರೊಡೈಟೆಯ ಪಾಲಿಗೆ ಬಂದಿದೆ. ಹೋಮರನನ್ನು ತೆರೆದರೆ ಬೇರೆಯೇ ಕಾಣುತ್ತದೆ. 'ಒಡಿಸ್ಸಿ'ಯ ಎಂಟನೆಯ ಸರ್ಗದಲ್ಲಿ, ಗಂಡ ಹೆಣೆದ ಬಲೆಯಲ್ಲಿ ಸಿಕ್ಕಿಬಿದ್ದು, ದೇವತೆಗಳ ನಗೆಗೀಡಾಗಿ, ಪಾಫೋಸಿಗೆ ಮರಳಿದ ಆಕೆಗೆ ಮೀಯಿಸಿ, ಎಣ್ಣೆ ಪೂಸಿ, ಉಡಿಸುವವರು ಇದೇ ಖಾರಿಟೆಯರು. ಚೆಲುವಿನ ಅಧಿದೇವತೆಗೂ ಚೆಲುವು ಇತರರ ಕೈಯಿಂದ ಬರಬೇಕಾಯಿತು. ಅದನ್ನು, ಅದರೊಡನೆ ಔದಾರ್ಯವನ್ನು, ಒಬ್ಬಳ ಹುಟ್ಟುಗುಣವೆಂದು ಕಟ್ಟಿಕೊಟ್ಟರೆ ನಮ್ಮ ಮನೆಗಳಿಗೆ ಬಲು ಅನುಕೂಲ. "ಅವಳ ಸ್ವಭಾವವೇ ಹಾಗೆ, ಕೊಡುವ ಕೈ" ಎಂದುಬಿಟ್ಟರಾಯಿತು. ಮರಳಿಸುವ ಹೊಣೆ ಯಾರ ಮೇಲೂ ಬೀಳದು. ಮೂಲಮಾದರಿಗಳ ವಿಮರ್ಶೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ.

ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಆರ್ಕೊಮೆನೊಸಿನಲ್ಲಿ ಖಾರಿಟೆಯರೆಂದು ಪೂಜೆಗೊಳ್ಳುತ್ತಿದ್ದ ಬರಿಯ ಕಲ್ಲುಗಳನ್ನು ಕುರಿತು ಬರೆದಿದ್ದಾನೆ. ಅವು ಆಕಾಶದಿಂದ ಬಿದ್ದವೆಂದು ಊರವರ ನಂಬಿಕೆ. ಕಡೆದ ವಿಗ್ರಹಗಳು ಬಂದದ್ದು ಅವನ ಕಾಲಕ್ಕೆ. ಎಷ್ಟು ಮಂದಿ ಎಂಬುದರಲ್ಲಿ ಊರೂರಿಗೆ ಭೇದವಿತ್ತಂತೆ. ಸ್ಪಾರ್ಟಾದವರಿಗೆ ಇಬ್ಬರು, ಅಥೆನ್ಸಿನ ಹಳಬರಿಗೂ ಇಬ್ಬರು, ಆರ್ಕೊಮೆನೊಸಿನವರಿಗೆ ಮೂವರು. ಒಬ್ಬಳೇ ಎಂದ ಊರು ಅವನ ಬರಹದಲ್ಲಿಲ್ಲ.