ಥ್ಯಾಕರೆಯ ಮೀಸೆ

ಏಳನೆಯ ಇಯತ್ತೆಯಲ್ಲಿದ್ದಾಗ ನಾನು ಶಾಲೆಯ ಗ್ಯಾದರಿಂಗಿನಲ್ಲಿ ಥ್ಯಾಕರೆ ಆಗಿದ್ದೆ. ಬೈಲಹೊಂಗಲ ತಾಲೂಕಿನ ಯಾವ ಊರಿನ ಶಾಲೆಯಾದರೂ ಗ್ಯಾದರಿಂಗ್ ಅಂದಮೇಲೆ ಕಿತ್ತೂರು ಚೆನ್ನಮ್ಮನ ನಾಟಕ ಇರಲೇಬೇಕು. ಥ್ಯಾಕರೆ ಆಗಲು ಮಾತ್ರ ಯಾರೂ ಮುಂದೆ ಬರುತ್ತಿರಲಿಲ್ಲ. “ಲೇ ತಮ್ಮಾ, ನೀ ಸ್ವಲ್ಪ ಬೆಳ್ಳಗದಿ, ನೀನ ಆಗು” ಎಂದು ಗುರುಗಳು ತೀರ್ಮಾನ ಮಾಡಿದರು. ನನಗಿದ್ದದ್ದು ಎರಡೇ ಕೆಲಸ. ಕಪ್ಪ ಕೇಳುವುದು, ಆಮೇಲೆ ಅಮಟೂರು ಬಾಳಪ್ಪನ ಗುಂಡಿಗೆ ಬೀಳುವುದು. ಬಿದ್ದಾಗ ಅಂಟಿಸಿದ್ದ ಮೀಸೆ ಕಿತ್ತು ಬಂತು, ಮಂದಿ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದಮೇಲೆ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಒಂದು ಮಾತು ಕೇಳಿದಳು: “ಅಲ್ಲೋ, ಆ ಸಾಹೇಬ ಸತ್ತಿದ್ದು ಅವರ ಮನಿಗೆ ಯಾರು ಹೇಳಿ ಕಳಿಸಿದ್ರೋ?”

ಆ ಪ್ರಶ್ನೆ ಮತ್ತೆ ನೆನಪಾದದ್ದು ಧಾರವಾಡದಲ್ಲಿ ಎಂ.ಎ. ಓದುವಾಗ, ‘ವ್ಯಾನಿಟಿ ಫೇರ್’ ಕಾದಂಬರಿ ಕೈಗೆ ಬಂದಾಗ. ರಕ್ಷಾಪುಟದ ಮೇಲೆ ಲೇಖಕನ ಹೆಸರು ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ನಮ್ಮ ಥ್ಯಾಕರೆಗೂ ಈತನಿಗೂ ಸಂಬಂಧವಿದೆಯೇ ಎಂದು ಹುಡುಕಿದೆ. ಇತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಈ ಕಾದಂಬರಿಕಾರನ ಚಿಕ್ಕಪ್ಪ. ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. ಅವನ ತಂದೆ ರಿಚ್ಮಂಡ್ 1815ರಲ್ಲಿ ಅಲ್ಲಿಯೇ ತೀರಿಕೊಂಡ. ಕಿತ್ತೂರಿನಲ್ಲಿ ಗುಂಡು ಹಾರಿದಾಗ ಹುಡುಗನಿಗೆ ಹದಿಮೂರು ವರ್ಷ. ಲಂಡನ್ನಿನಲ್ಲಿ ಶಾಲೆಗೆ ಹೋಗುತ್ತಿದ್ದ.

ಈ ಮನೆತನದ ಜಾಡು ಹಿಡಿದು ಬರೆದ ಪುಸ್ತಕವೊಂದಿದೆ. ವಿಲಿಯಂ ವಿಲ್ಸನ್ ಹಂಟರ್ 1897ರಲ್ಲಿ ಪ್ರಕಟಿಸಿದ ‘ದಿ ಥ್ಯಾಕರೇಸ್ ಇನ್ ಇಂಡಿಯಾ ಅಂಡ್ ಸಮ್ ಕಲ್ಕತ್ತಾ ಗ್ರೇವ್ಸ್’. ಹೆಸರೇ ಹೇಳುವಂತೆ ಇದು ಗೋರಿಗಳ ನಡುವಿನ ನಡಿಗೆ. ಕಾದಂಬರಿಕಾರನ ಅಜ್ಜ ಸಿಲ್ಹೆಟ್‌ನಲ್ಲಿ ಕಂಪನಿಯ ಅಧಿಕಾರಿಯಾಗಿದ್ದವನು, ಆನೆಗಳ ವ್ಯವಹಾರದಿಂದಲೂ ಹೆಸರಾದವನು. ಅವನ ಮಕ್ಕಳು ಒಬ್ಬೊಬ್ಬರಾಗಿ ಭಾರತಕ್ಕೆ ಬಂದರು, ಹಲವರು ಇಲ್ಲೇ ಮಣ್ಣಾದರು. ಹಂಟರನ ದನಿ ಗೌರವದ್ದು. ಅವನೂ ಕಂಪನಿಯ ಬಳಿಕದ ಸರ್ಕಾರದ ಅಧಿಕಾರಿಯೇ. ಸತ್ತವರನ್ನು ಮನೆಯವರ ಹಾಗೆ ನೆನೆಯುತ್ತಾನೆ. ಇಂಥ ಬರವಣಿಗೆಯಲ್ಲಿ ಕಿತ್ತೂರು ಎಂಬುದು ಒಬ್ಬ ಚಿಕ್ಕಪ್ಪ ಸತ್ತ ಜಾಗ, ಅಷ್ಟೇ. ಆ ಊರಿಗೆ ತನ್ನದೇ ಒಂದು ಬದುಕಿತ್ತು ಎಂಬುದು ಅಲ್ಲಿ ಮುಖ್ಯವಾಗುವುದಿಲ್ಲ.

ಆದರೆ ನಮ್ಮ ನಾಟಕಗಳು ಮಾಡಿದ್ದೂ ಇದನ್ನೇ, ಇನ್ನೊಂದು ಬದಿಯಿಂದ. ನಮ್ಮ ರಂಗದ ಮೇಲೆ, 1961ರ ಪಂತುಲು ಅವರ ಸಿನಿಮಾದ ನಂತರವಂತೂ, ಥ್ಯಾಕರೆಗೆ ಕಿತ್ತೂರಿಗೆ ಮೊದಲು ಬದುಕೇ ಇಲ್ಲ. ಮೀಸೆ, ಬೂಟು, ಗದರಿಕೆ, ಸಾವು. ಅಲ್ಲಿಗೆ ಮುಗಿಯಿತು. ವೈರಿಗೆ ನ್ಯಾಯ ಸಿಗಲಿಲ್ಲವೆಂಬ ಕೊರಗು ನನಗಿಲ್ಲ. ನನ್ನ ತಕರಾರು ಬೇರೆ. ಅವನನ್ನು ಬರೀ ಗದರುವವನನ್ನಾಗಿ ಮಾಡಿ, ಅವನು ನಿಜವಾಗಿ ಹಿಡಿದಿದ್ದ ಆಯುಧವನ್ನೇ ನಾವು ಮರೆತಿದ್ದೇವೆ.

ಆ ಆಯುಧ ಕಾಗದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅದಕ್ಕೂ ಮೊದಲು ದತ್ತಕ ಆಗಿದೆ ಎಂದು ಧಾರವಾಡಕ್ಕೆ ಪತ್ರ ಹೋಯಿತು. ಥ್ಯಾಕರೆ ಪತ್ರದ ಮೇಲಿನ ರುಜುವನ್ನೇ ಸಂಶಯಿಸಿದ. ದತ್ತಕವನ್ನು ಒಪ್ಪಲಿಲ್ಲ, ಕಿತ್ತೂರಿಗೆ ಬಂದು ಬೊಕ್ಕಸಕ್ಕೆ ಮೊಹರು ಹಾಕಿ ಕಾವಲಿಟ್ಟ. ಅಂದರೆ ಆ ತಿಂಗಳ ಜಗಳದ ನಡುಗಂಬ ಕಪ್ಪವಲ್ಲ; ಒಂದು ರುಜು, ಒಂದು ಮೊಹರು. ಒಬ್ಬ ಗುಮಾಸ್ತನ ಸಂಶಯದಿಂದ ಒಂದು ಸಂಸ್ಥಾನ ಇಲ್ಲವಾಗಬಹುದು ಎಂಬುದು ಗದರಿಕೆಗಿಂತ ಭಯಂಕರ. ಗದರುವವನನ್ನು ಗುರುತು ಹಿಡಿಯುವುದು ಸುಲಭ. ಮೆತ್ತಗೆ ಮಾತಾಡುತ್ತ ಕಾಗದ ವಾಪಸ್ಸು ಕಳಿಸುವವನನ್ನು ಗುರುತಿಸಲು ನಮ್ಮ ನಾಟಕ ನಮಗೆ ಕಲಿಸಲಿಲ್ಲ.

ಇದನ್ನು ಒಂದಿಷ್ಟು ಬಲ್ಲವನು ಆ ಕಾದಂಬರಿಕಾರ ಎಂಬುದು ವಿಚಿತ್ರ. 1847–48ರಲ್ಲಿ ಕಂತುಗಳಲ್ಲಿ ಬಂದ ‘ವ್ಯಾನಿಟಿ ಫೇರ್’ನಲ್ಲಿ ಜೋಸ್ ಸೆಡ್ಲಿ ಎಂಬ ಕಂಪನಿ ಕಲೆಕ್ಟರ್ ಇದ್ದಾನೆ. ಹೊಟ್ಟೆಬಾಕ, ಬಡಾಯಿಕೋರ, ಪುಕ್ಕಲ. ವಾಟರ್ಲೂ ಯುದ್ಧದ ಸುದ್ದಿಗೆ ಹೆದರಿ, ಸಿಪಾಯಿಯೆಂದು ಯಾರಾದರೂ ತಿಳಿದಾರೆಂದು ಮೀಸೆ ತೆಗೆಸಿಕೊಂಡು ಬ್ರಸೆಲ್ಸ್‌ನಿಂದ ಓಡುತ್ತಾನೆ. ಅಲ್ಲಿಗೆ ಬಂದಾಗ ನನಗೆ ಗ್ಯಾದರಿಂಗಿನ ನನ್ನ ಮೀಸೆ ನೆನಪಾಗಿ ನಗು ಬಂತು. ಆದರೆ ನಗುವಿನ ಹಿಂದೆ ಒಂದು ಖಾಲಿ ಜಾಗವೂ ಇದೆ. ಕಲೆಕ್ಟರ್ ಚಿಕ್ಕಪ್ಪನನ್ನು ಕಳಕೊಂಡ ಲೇಖಕ ಕಲೆಕ್ಟರನನ್ನು ನಗೆಪಾಟಲು ಮಾಡುತ್ತಾನೆ. ಆ ಕಲೆಕ್ಟರ್ ಯಾರ ಮೇಲೆ ಅಧಿಕಾರ ನಡೆಸುತ್ತಿದ್ದನೋ ಆ ಜನ ಮಾತ್ರ ಕಾದಂಬರಿಯೊಳಗೆ ಬರುವುದೇ ಇಲ್ಲ.

ಆ ಜನ ಬರುವುದು ಲಾವಣಿಯಲ್ಲಿ. ಇಲ್ಲಿಯೂ ಒಂದು ತಿರುವಿದೆ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್, 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನೂ ಅಚ್ಚು ಹಾಕಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಹಾಡಿದೆ, ಬೈಲಹೊಂಗಲದ ಸಂಗ್ಯಾನ ಹಾಡೂ ಇದೆ. ತನ್ನ ಸರ್ಕಾರದ ವಿರುದ್ಧ ಬಂಡೆದ್ದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನ ಹಾಡನ್ನು ಸರ್ಕಾರಿ ಅಧಿಕಾರಿಯೊಬ್ಬ ಬರೆದಿಟ್ಟ. ಇನ್ನು ಥ್ಯಾಕರೆಯ ಕೈಕೆಳಗಿನ ವಾಲ್ಟರ್ ಎಲಿಯಟ್. ಅಕ್ಟೋಬರ್ 23ರಂದು ಅವನು ಕಿತ್ತೂರಿನಲ್ಲಿ ಸೆರೆಸಿಕ್ಕ, ಡಿಸೆಂಬರಿನ ಮೊದಲಲ್ಲಿ ಜೀವಂತ ಬಿಡುಗಡೆಯಾದ. ಮುಂದೆ ಇದೇ ಸೀಮೆಯ ನೂರಾರು ಶಾಸನಗಳನ್ನು ನಕಲು ಮಾಡಿಸಿದ. ಫ್ಲೀಟ್ ಬಳಸಿದ್ದು ಆ ಸಂಗ್ರಹವನ್ನೇ. ಚೆನ್ನಮ್ಮನ ಕಡೆಯವರು ಆ ತರುಣನನ್ನು ಕೊಂದಿದ್ದರೆ ಕನ್ನಡದ ಇತಿಹಾಸದ ಓದು ಇಷ್ಟು ಬೇಗ ಶುರುವಾಗುತ್ತಿರಲಿಲ್ಲವೇನೋ. ಸೆರೆಯಾಳನ್ನು ಉಳಿಸಿದ ಈ ಗುಣವನ್ನು ನಮ್ಮ ನಾಟಕಗಳು ಯಾಕೆ ಆಡಿ ತೋರಿಸುವುದಿಲ್ಲ?

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ನರಗುಂದದ ಬಾಬಾಸಾಹೇಬನ ಜನ ಕೊಂದರು. ಅವನ ತಲೆಯನ್ನು ನರಗುಂದದ ಅಗಸಿಗೆ ಕಟ್ಟಿದರು. ಮುಂದಿನ ತಿಂಗಳೇ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಕಿತ್ತೂರಿಗೂ ಸುರೇಬಾನಕ್ಕೂ ನಡುವಿನ ಮೂವತ್ತನಾಲ್ಕು ವರ್ಷಗಳಲ್ಲಿ ಎರಡೂ ಕಡೆ ಸಿಟ್ಟು ಎಷ್ಟು ಬಲಿತಿತ್ತೆಂದು ಆ ಅಗಸಿ ಹೇಳುತ್ತದೆ.

ಹೀಗಾಗಿ ಪೂರ್ವಜರನ್ನು ಹುಡುಕುವ ಬರವಣಿಗೆಯನ್ನು ಓದುವಾಗ ಈಗ ನಾನು ಎರಡು ಸಂಗತಿ ನೋಡುತ್ತೇನೆ. ಸತ್ತವನಿಗೆ ಬದುಕು ಕೊಟ್ಟಿದ್ದಾರೆಯೇ? ಅವನು ಸತ್ತ ಊರಿಗೂ ಬದುಕು ಕೊಟ್ಟಿದ್ದಾರೆಯೇ? ಹಂಟರ್ ಮೊದಲನೆಯದನ್ನು ಮಾಡಿದ, ಎರಡನೆಯದನ್ನಲ್ಲ. ನಮ್ಮ ನಾಟಕ ಊರನ್ನು ಉಳಿಸಿಕೊಂಡಿತು, ಮನುಷ್ಯನನ್ನು ಬಿಟ್ಟಿತು.

ನಮ್ಮ ಅಮ್ಮನ ಪ್ರಶ್ನೆಯಲ್ಲಿ ಎರಡೂ ಇದ್ದವು. ಓದು ಬರಹ ಬಾರದ ಆಕೆ ಚೆನ್ನಮ್ಮನ ಕಡೆಯವಳೇ. ಬೈಲಹೊಂಗಲಕ್ಕೆ ಸಂತೆಗೆ ಹೋದಾಗಲೆಲ್ಲ, 1829ರಲ್ಲಿ ಅಲ್ಲೇ ಸೆರೆಯಲ್ಲಿ ತೀರಿಕೊಂಡ ರಾಣಿಯ ಸಮಾಧಿಗೆ ಕೈಮುಗಿದು ಬರುತ್ತಿದ್ದಳು. ಆದರೂ ಸಾಹೇಬನ ಮನೆಗೆ ಹೇಳಿ ಕಳಿಸಿದವರು ಯಾರು ಎಂದು ಕೇಳಿದಳು. ಹಂಟರನ ಪುಸ್ತಕ ಓದಿ ಮುಗಿಸುವ ಹೊತ್ತಿಗೆ ಆಕೆ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ಅಮ್ಮಾ, ಅವನ ಅಣ್ಣನ ಮಗ ಒಬ್ಬ ಇದ್ದ, ಕಥಿ ಬರೀತಿದ್ದ. ಆದರ ಅವನ ಕಥಿಯೊಳಗ ನಮ್ಮೂರು ಬರಲಿಲ್ಲ.